ಕಿಟಕಿಯ ಐದನೇ ಡಿಸ್ಕ್

ಪಟ್ಟಿಯಲ್ಲಿ ಹನ್ನೆರಡು ಇರಬೇಕಿತ್ತು. ಹನ್ನೊಂದೇ ಇದ್ದವು.

ಅಲ್ಪವಿರಾಮ ರಿಮೋಟ್ ಹಿಡಿದು ಟೀವಿಯ ಮುಂದೆ ಮಂಡಿಯೂರಿ ಕೂತ. ಮೇಲಿಂದ ಕೆಳಗೆ ಹೋದ, ಕೆಳಗಿಂದ ಮೇಲೆ ಬಂದ. ಹಳೆಯ ಸಿನಿಮಾ ಐದು — ಇದ್ದವು. ಚದುರಂಗದ ಪಂದ್ಯ ನಾಲ್ಕು — ಇದ್ದವು. ಕಾಡುಪ್ರಾಣಿಗಳ ಚಿತ್ರ ಎರಡು — ಅವೂ ಇದ್ದವು. 'ಸಂಜೆ ವಾರ್ತೆ, ಆರೂವರೆ'? ಇಲ್ಲ! ಅದೊಂದೇ ಇಲ್ಲ!

ನಿನ್ನೆ, ಮಂಗಳವಾರ, ಇದೇ ಹೊತ್ತಿಗೆ ಇತ್ತು. ನೋಡಿದ್ದ. ಹನ್ನೊಂದು ತಿಂಗಳಿಂದ ಒಂದು ದಿನವೂ ಬಿಡದೆ ನೋಡಿದ್ದ. ಇವತ್ತು ಕೆಲಸದಿಂದ ಬಂದು ಬೀಗ ತೆಗೆದು, ದೀಪ ಹಾಕಿ, ಒಲೆಯ ಮೇಲೆ ಹಾಲಿಟ್ಟು ಕೂತರೆ — ಮಾಯ! ಬಾಗಿಲ ಬೀಗ ಹಾಗೇ ಇತ್ತು. ಕಿಟಕಿಯ ಚಿಲಕ ಹಾಗೇ ಇತ್ತು. ಬೆಳಿಗ್ಗೆ ಮೇಜಿನ ಮೇಲೆ ಮರೆತುಹೋಗಿದ್ದ ಕೈಗಡಿಯಾರ ಕೂಡ ಇದ್ದಲ್ಲೇ ಟಿಕ್ ಟಿಕ್ ಅನ್ನುತ್ತಿತ್ತು. ಅದನ್ನೆಲ್ಲ ಬಿಟ್ಟು ಅರ್ಧ ಗಂಟೆಯ ಹಳೆಯ ವಾರ್ತೆಯನ್ನು ಕದ್ದವನಿಗೆ ಏನು ಸಿಗಬೇಕು?

ಒಳಗೆ ಹಾಲು ಉಕ್ಕಿ ಚುರ್ ಎಂದಿತು. ಅವನು ಏಳಲಿಲ್ಲ.

ಅಲ್ಪವಿರಾಮ ಎನ್ನುವುದು ತಾಯಿ ತಂದೆ ಇಟ್ಟ ಹೆಸರಲ್ಲ. ಪ್ರೆಸ್ಸಿನಲ್ಲಿ ಅವನದು ಕರಡು ತಿದ್ದುವ ಕೆಲಸ. ಒಂದು ವಾಕ್ಯ ಆಡಬೇಕಾದರೆ ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ ಅಂತ ಅಲ್ಲಿನವರು ಹಾಗೆ ಕರೆದರು, ಅದೇ ನಿಂತುಬಿಟ್ಟಿತು. ಕಾಗದದ ಮೇಲೆ ಸೊನ್ನೆಯೊಂದು ಸೊಟ್ಟಗಿದ್ದರೂ ಅವನ ಕಣ್ಣಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾಗದದ ಹೊರಗಿನ ವಿಷಯ ಬೇರೆ. ಅಲ್ಲಿ ಆನೆ ಹೋದರೂ ಅವನಿಗೆ ಕಾಣದು.

ಅವನ ಹೆಂಡತಿ ಕೈಸನ್ನೆಯಲ್ಲಿ ವಾರ್ತೆ ಹೇಳುವವಳು. ಟೀವಿಯಲ್ಲಿ ವಾರ್ತೆ ಓದುವವರು ದೊಡ್ಡದಾಗಿ ಕೂತಿರುತ್ತಿದ್ದರು. ಕೆಳಗಿನ ಮೂಲೆಯಲ್ಲಿ, ಒಂದು ತಟ್ಟೆಯಗಲದ ಕಿಟಕಿಯಲ್ಲಿ, ಕಿವಿ ಕೇಳದವರಿಗಾಗಿ ಅವಳ ಕೈಗಳು ಆಡುತ್ತಿದ್ದವು. ಹದಿನಾಲ್ಕು ವರ್ಷ ಆಡಿದವು. ಆಮೇಲೆ ಒಂದು ಸಂಜೆ ವಾರ್ತೆ ಮುಗಿಸಿ ಬಂದು, ಮರುದಿನ ಆಸ್ಪತ್ರೆಗೆ ಸೇರಿದಳು. ಮೂರು ವಾರ. ಅಷ್ಟೇ.

ಆ ಕೊನೆಯ ಸಂಜೆಯದೇ ಈಗ ಕಾಣೆಯಾದ ರೆಕಾರ್ಡಿಂಗ್. ಅವಳು ಚಲಿಸುವುದು, ಕಣ್ಣು ಮಿಟುಕಿಸುವುದು, ಹಣೆಯ ಕೂದಲನ್ನು ಮೊಣಕೈಯಿಂದ ಸರಿಸುವುದು — ಎಲ್ಲ ಉಳಿದಿದ್ದು ಅದರಲ್ಲಿ ಮಾತ್ರ. ವಾರ್ತೆ ಓದುವವರು ಕಾಗದ ಜೋಡಿಸಿಕೊಳ್ಳುವಾಗ ಅವಳ ಕೈ ಇನ್ನೂ ಎರಡು ಸೆಕೆಂಡು ಏನೋ ಹೇಳುತ್ತಿತ್ತು. ಅದು ವಾರ್ತೆಯಲ್ಲ. ಏನದು? ಅವನಿಗೆ ಗೊತ್ತಿರಲಿಲ್ಲ. ಹದಿನೇಳು ವರ್ಷ ಸಂಸಾರ ಮಾಡಿ ಒಂದು ಸನ್ನೆಯನ್ನೂ ಕಲಿತಿರಲಿಲ್ಲ, ಮಹಾನುಭಾವ! ಮನೆಯಲ್ಲಿ ಅವಳು ಬಾಯಿತುಂಬ ಮಾತಾಡುತ್ತಿದ್ದಳಲ್ಲ, ಕೈಭಾಷೆ ತನಗ್ಯಾಕೆ ಅಂದುಕೊಂಡಿದ್ದ. ಈಗ ಆ ಎರಡು ಸೆಕೆಂಡೂ ಹೋಯಿತು.

ಮರುದಿನ ಊಟದ ಬಿಡುವಿನಲ್ಲಿ ರೆಕಾರ್ಡರನ್ನು ಹೊದಿಕೆಯಲ್ಲಿ ಸುತ್ತಿ ಎದೆಗವಚಿಕೊಂಡು, ಅದನ್ನು ಕೊಂಡ ಅಂಗಡಿಗೆ ಹೋದ.

ಅಂಗಡಿಯ ಹಿಂಭಾಗದ ಕೌಂಟರಿನಲ್ಲಿ ಗ್ಯಾರಂಟಿ ಅಕ್ಕ ಕೂತಿದ್ದಳು. ಇಪ್ಪತ್ತು ವರ್ಷದಿಂದ ಕೆಟ್ಟ ಯಂತ್ರಗಳನ್ನೂ ಅವನ್ನು ತಂದವರ ಮುಖಗಳನ್ನೂ ನೋಡಿ ನೋಡಿ, ಯಾವುದು ತಾನಾಗಿ ಕೆಟ್ಟದ್ದು, ಯಾವುದನ್ನು ಕೆಡಿಸಿದ್ದು ಎಂದು ಹೇಳುವುದರಲ್ಲಿ ಅವಳದು ಎತ್ತಿದ ಕೈ. ಟೀವಿಯೊಳಗೆ ಕಾಫಿ ಸುರಿದು 'ಸುಮ್ನೆ ಆಫ್ ಆಯ್ತು' ಎಂದವರು ಅವಳ ಮುಂದೆ ಐದು ನಿಮಿಷಕ್ಕೆ ನಿಜ ಹೇಳಿ ಹೋಗುತ್ತಿದ್ದರು.

"ಬೀಳಿಸಿದ್ರಾ?"

"ಇಲ್ಲ, ಮೇಡಂ."

"ನೀರು?"

"ಇಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ." ಅವಳು ತಂತಿ ಸಿಕ್ಕಿಸಿ ಪಟ್ಟಿ ತೆರೆದಳು. "ಹೋಗಿರೋದು ಎಷ್ಟು?"

"ಒಂದು."

"ಉಳಿದಿರೋದು?"

"ಹನ್ನೊಂದು. ಎಲ್ಲಾ, ಚೆನ್ನಾಗೇ, ಓಡ್ತಿದೆ."

"ಹಾಗಾದ್ರೆ ಯಂತ್ರಕ್ಕೇನೂ ಆಗಿಲ್ಲ ಸಾರ್. ಒಳಗಿನ ಹಾರ್ಡ್ ಡಿಸ್ಕ್ ಕೆಟ್ರೆ ಒಟ್ಟಿಗೆ ಕೆಡುತ್ತೆ, ಬೇಕಾದ್ದನ್ನ ಆರಿಸ್ಕೊಂಡು ಕೆಡಲ್ಲ. ಇದು ಯಾರದೋ ಕೈಕೆಲಸ." ಅವಳು ಕನ್ನಡಕ ಮೇಲೇರಿಸಿ ಅವನನ್ನೇ ದಿಟ್ಟಿಸಿದಳು. "ತಾಳಿ... ನೀವು ನಮ್ಮ ಜಾಹೀರಾತಿನ ಕಾಗದದಲ್ಲಿ ಪೆನ್ಸಿಲ್ ಹಾಕಿ ತಪ್ಪು ತಿದ್ದಿದವರಲ್ವಾ?"

ಅವನ ಮುಖ ಕೆಂಪಾಯಿತು. ಹೌದು, ತಿದ್ದಿದ್ದ. ಹೋದ ವರ್ಷ ಗಂಡ ಹೆಂಡತಿ ಇಬ್ಬರೂ ರೆಕಾರ್ಡರ್ ಆರಿಸಲು ಬಂದಿದ್ದರು. ಕೌಂಟರಿನ ಮೇಲೆ ಎರಡು ಇಟ್ಟಿದ್ದರು. ಒಂದರಲ್ಲಿ ಬರೀ ಹಾರ್ಡ್ ಡಿಸ್ಕ್, ತೆಳ್ಳಗೆ, ಚೆಂದವಾಗಿತ್ತು. ಇನ್ನೊಂದು ದಪ್ಪ, ಬೇಕಾದ್ದನ್ನು ತೆಗೆದಿಡಲು ಅದರಲ್ಲಿ ಡಿವಿಡಿ ಡಿಸ್ಕ್ ಹಾಕುವ ತಟ್ಟೆಯೂ ಇತ್ತು. ಇವನಿಗೆ ತೆಳ್ಳಗಿನದೇ ಸಾಕಾಗಿತ್ತು. ಹೆಂಡತಿ ಕೇಳಲಿಲ್ಲ. "ಡಿಸ್ಕ್ ಇರೋದೇ ಬೇಕು ಕಣ್ರೀ. ಇದ್ದದ್ದೆಲ್ಲ ಒಂದೇ ಕಡೆ ಇರಬಾರದು," ಅಂದಿದ್ದಳು. ಅಷ್ಟೊತ್ತಿಗೆ ಇವನ ಕಣ್ಣು ಜಾಹೀರಾತಿನ ಎರಡನೇ ಸಾಲಿನಲ್ಲಿ ಬಿದ್ದು ಹೋಗಿದ್ದ ಒಂದು ಅಕ್ಷರದ ಮೇಲಿತ್ತು.

"ನಿಮ್ಮನೆ ಕೀ ಯಾರ ಹತ್ರ ಇದೆ?"

"ನನ್ನ ಹತ್ರ, ಒಂದು. ಬಾಮೈದನ ಹತ್ರ, ಒಂದು. ಆ ರೆಕಾರ್ಡಿಂಗ್ ಅಳಿಸಿ ಹಾಕ್ತೀನಿ ಅಂತ, ಒಮ್ಮೆ, ಕೂಗಾಡಿದ್ದ."

"ನಿಮ್ಮನೆಯವರ ಕೀ?"

ಅವಳ ಬೀಗದ ಕೈ! ಆಸ್ಪತ್ರೆಯಿಂದ ತಂದ ಚೀಲದಲ್ಲಿ ಅದು ಇರಲಿಲ್ಲ. ಎಲ್ಲಿ ಹೋಯಿತು ಅಂತ ಒಂದು ದಿನವಾದರೂ ಯೋಚಿಸಿದ್ದನೆ?

"ನಾಳೆ ನಮ್ಮ ಅಂಗಡಿಗೆ ರಜ," ಅಂದಳು ಗ್ಯಾರಂಟಿ ಅಕ್ಕ. "ಸಂಜೆ ಬರ್ತೀನಿ. ಬಾಮೈದನ್ನೂ ಕರೆಸಿ. ಮತ್ತೆ, ಇನ್ನೊಂದು ಮಾತು — ಅಲ್ಲೀತನಕ ಇದರಲ್ಲಿ ಏನನ್ನೂ ರೆಕಾರ್ಡ್ ಮಾಡಬೇಡಿ. ಹೋದದ್ದರ ಜಾಗದಲ್ಲಿ ಹೊಸದು ಕೂತುಬಿಡುತ್ತೆ."

ಶುಕ್ರವಾರ ಸಂಜೆ ಅವಳನ್ನು ಬೀದಿಯ ತುದಿಯಿಂದ ಕರೆತಂದ. ಎರಡಂತಸ್ತಿನ ಮನೆ. ಕೆಳಗೆ ಟೈಲರಮ್ಮ ಒಬ್ಬಳೇ, ಮೇಲೆ ಇವನೊಬ್ಬನೇ. ಟೈಲರಮ್ಮನ ಕಿಟಕಿಯಲ್ಲಿ ದಾರಕ್ಕೆ ಕಟ್ಟಿದ ಡಿಸ್ಕುಗಳು ಗಾಳಿಗೆ ತಿರುಗಿ ಮಿಂಚುತ್ತಿದ್ದವು. ಅಕ್ಕ ನಿಂತಳು.

"ಇದೇನು?"

"ಪಾರಿವಾಳ, ಹೆದರಿಸೋಕೆ. ಹೊಲಿದ ಬಟ್ಟೆ ಮೇಲೆ, ಗಲೀಜು ಮಾಡ್ತವಂತೆ. ನಾಲ್ಕು ಡಿಸ್ಕ್, ಯಾವಾಗ್ಲೂ ಇದೆ."

"ನಾಲ್ಕಾ?" ಅಂದಳು ಅಕ್ಕ. ಮತ್ತೇನೂ ಹೇಳದೆ ಮೆಟ್ಟಿಲು ಹತ್ತಿದಳು. "ಈಕೆ ಹೇಗೆ? ಮಾತುಕತೆ ಇದೆಯಾ?"

"ಆಕೆಗೆ ಕಿವಿ ಕೇಳಲ್ಲ, ಮಾತೂ ಬರಲ್ಲ. ನನ್ನ ಹೆಂಡತಿಗೆ, ಬಹಳ ಬೇಕಾದವಳು. ನನಗೆ..." ಅವನು ಮೆಟ್ಟಿಲ ಮೇಲೆ ನಿಂತ. "ದಿನಾ ಸಂಜೆ ಏಳೂ ಹತ್ತಕ್ಕೆ ಬಂದು ಬಾಗಿಲು ತಟ್ಟೋಳು, ಮೇಡಂ. ಒಂದು ದಿನ ಗುಂಡಿ, ಒಂದು ದಿನ ಸೂಜಿ, ಏನೋ ಒಂದು ನೆಪ. ನನ್ನ ಹೆಗಲ ಮೇಲಿಂದ, ಒಳಗೆ ಇಣುಕೋಳು. ನನ್ನವಳು ಹೋದ ಮೇಲೂ ಬಿಡಲಿಲ್ಲ. ಮನುಷ್ಯ ಸಂಕಟದಲ್ಲಿ ಕೂತಿದ್ರೆ, ಅದನ್ನೂ ಇಣುಕಿ ನೋಡೋದಾ? ಐದು ತಿಂಗಳ ಹಿಂದೆ, ಮುಖದ ಮೇಲೇ ಬಾಗಿಲು ಹಾಕಿದೆ. ಆಮೇಲೆ ಬರಲಿಲ್ಲ."

ಅದನ್ನು ಹೇಳುವಾಗ ಅವನಿಗೆ ನಾಚಿಕೆಯಾಯಿತು. ಆದರೂ ಹೇಳಿದ.

ಮೇಲೆ ಬಾಮೈದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಗಟ್ಟಿ ಆಳು. ಗ್ಯಾರಂಟಿ ಅಕ್ಕನನ್ನು ನೋಡಿದ್ದೇ ಎದ್ದುನಿಂತ.

"ಅಳಿಸಿ ಹಾಕ್ತೀನಿ ಅಂದಿದ್ರಂತೆ?" ಅವಳು ಸೀದಾ ಕೇಳಿದಳು.

"ಅಂದಿದ್ದೆ, ಹೌದು. ಕೋಪಕ್ಕೆ ಅಂದಿದ್ದೆ! ದಿನಾ ಅದರ ಮುಂದೆ ಕೂತು ಒಣಗಿ ಹೋಗ್ತಿದಾರೆ ನಮ್ಮ ಭಾವ. ಅಂದ ಮಾತ್ರಕ್ಕೆ ಮಾಡಿಬಿಡ್ತೀನಾ?"

"ಈ ಮನೆಗೆ ಕೊನೆಗೆ ಬಂದಿದ್ದು ಯಾವಾಗ?"

"ತಿಂಗಳ ಮೇಲಾಯ್ತು."

ಅಕ್ಕ ಹೂಂಗುಟ್ಟಿ ಬೀರುವಿನ ಕಡೆ ತಿರುಗಿದಳು. "ಸಾರ್, ಈ ರೆಕಾರ್ಡರ್ ಜೊತೆ ಐದು ಖಾಲಿ ಡಿಸ್ಕಿನ ಪ್ಯಾಕೆಟ್ ಕೊಟ್ಟಿದ್ವಿ. ಎಲ್ಲಿ?"

"ಇದರಲ್ಲೇ ಇದೆ. ಬಿಚ್ಚೇ ಇಲ್ಲ."

ಅವಳು ಬೀರು ತೆರೆದಳು. ಒಂದು ಕಡೆ ಅವನ ಹೆಂಡತಿಯ ಬಟ್ಟೆ, ಹೋದ ವರ್ಷ ತೂಗುಹಾಕಿದ ಹಾಗೇ ಇದ್ದವು. ಮಧ್ಯೆ ಒಂದು ಹ್ಯಾಂಗರ್ ಖಾಲಿ. ಅಕ್ಕ ಅದನ್ನು ಬೆರಳಿಂದ ತಳ್ಳಿದಳು, ಅದು ತೂಗಾಡಿತು.

"ತಿಂಗಳ ಮೇಲಾಯ್ತು ಅಂದ್ರಲ್ಲ. ಇದರಲ್ಲೇನಿತ್ತು?"

ಬಾಮೈದನ ಮುಖ ಹುಳ್ಳಗಾಯಿತು. ಭಾವನ ಕಡೆ ನೋಡಲಾರದೆ ನೆಲ ನೋಡಿದ.

"ಬೂದಿ ಬಣ್ಣದ ಶಾಲು. ಹೋದ ಭಾನುವಾರ ನೀವಿಲ್ಲದಾಗ ಬಂದು ತಗೊಂಡೋದೆ, ಭಾವ. ಕೇಳಿದ್ರೆ ಕೊಡ್ತಿದ್ರಿ. ಕೇಳೋಕೆ ಬಾಯಿ ಬರಲಿಲ್ಲ. ಅದರಲ್ಲಿ ಅಕ್ಕನ ವಾಸನೆ ಇನ್ನೂ ಇದೆ. ಆದ್ರೆ ಟೀವಿ ಮುಟ್ಟಿಲ್ಲ, ನನ್ನಾಣೆ!"

ಅಲ್ಪವಿರಾಮ ಆ ಖಾಲಿ ಹ್ಯಾಂಗರನ್ನು ಹಿಡಿದು ನಿಲ್ಲಿಸಿದ. ಈ ಮನೆಯಲ್ಲಿ ತಾನೊಬ್ಬನೇ ಅವಳನ್ನು ಕಳಕೊಂಡವನು ಅಂತ ಹನ್ನೊಂದು ತಿಂಗಳು ನಂಬಿಕೊಂಡಿದ್ದನಲ್ಲ!

"ಇವರಲ್ಲ," ಅಂದಳು ಅಕ್ಕ. ಬೀರುವಿನಿಂದ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು. ಮೇಲಿನ ಪ್ಲಾಸ್ಟಿಕ್ ಕಾಗದವನ್ನು ಯಾರೋ ಕತ್ತರಿಯಿಂದ ನೀಟಾಗಿ, ನೂಲು ಹಿಡಿದ ಹಾಗೆ ಕತ್ತರಿಸಿದ್ದರು. "ಎಣಿಸಿ ಸಾರ್."

ಒಂದು. ಎರಡು. ಮೂರು. ನಾಲ್ಕು.

"ಅಳಿಸೋನಿಗೆ ಡಿಸ್ಕ್ ಯಾಕೆ ಬೇಕು? ಗುಂಡಿ ಒತ್ತಿದ್ರೆ ಆಯ್ತು. ಇಲ್ಲಿ ಬಂದವರಿಗೆ ಅಳಿಸೋ ಮನಸ್ಸೇ ಇರಲಿಲ್ಲ, ಸಾರ್. ಒಂದು ಪ್ರತಿ ಬೇಕಾಗಿತ್ತು."

"ಪ್ರತಿ ಮಾಡ್ಕೊಂಡ್ರೆ, ಮೂಲ ಯಾಕೆ, ಹೋಗ್ಬೇಕು?"

"ಅಲ್ಲೇ ಇರೋದು ಎಡವಟ್ಟು. ಆ ಚಾನಲ್ಲಿನ ಕಾರ್ಯಕ್ರಮಕ್ಕೆಲ್ಲ ಒಂದೇ ಪ್ರತಿ ಅಂತ ಕಟ್ಟು ಹಾಕಿರ್ತಾರೆ. ಡಿಸ್ಕಿಗೆ ಇಳಿಸಿದ್ರೆ ಕಾಪಿ ಆಗಲ್ಲ, ಸಾಗಿ ಹೋಗುತ್ತೆ. ಈ ಮನೆ ಖಾಲಿ ಮಾಡಿ ಆ ಮನೆಗೆ ಹೋದ ಹಾಗೆ. ಪರದೆ ಮೇಲೆ ಬರುತ್ತೆ, 'ಸಾಗಿಸಲೇ?' ಅಂತ. ಗೊತ್ತಿಲ್ಲದವರು ಹೌದು ಅಂತ ಒತ್ತಿಬಿಡ್ತಾರೆ. ವಾರಕ್ಕಿಬ್ಬರು ಅಳ್ತಾ ಬರ್ತಾರೆ ನಮ್ಮ ಕೌಂಟರಿಗೆ."

ಅಲ್ಪವಿರಾಮ ಮೇಜಿನ ಮೇಲೆ ಬಾಗಿದ. "ಅಂದ್ರೆ — ಇದೆಯಾ? ಎಲ್ಲೋ ಇದೆಯಾ ಅದು?"

"ಇದ್ರೆ ನಿಮ್ಮ ಪುಣ್ಯ. ಒಂದು ವಿಷಯ ಕೇಳ್ತೀನಿ. ರೆಕಾರ್ಡರ್ ಆರಿಸೋ ದಿನ ನಿಮ್ಮನೆಯವರು ನನ್ನನ್ನ ಒಂದೇ ಒಂದು ಪ್ರಶ್ನೆ ಕೇಳಿದ್ರು. ನೆನಪಿದೆಯಾ?"

ಇಲ್ಲ. ಅವನಿಗೆ ಬಿದ್ದುಹೋದ ಅಕ್ಷರ ನೆನಪಿತ್ತು, ಪ್ರಶ್ನೆ ನೆನಪಿರಲಿಲ್ಲ.

"'ಇದರಲ್ಲಿ ಮಾಡಿದ ಡಿಸ್ಕ್ ಬೇರೆ ಮನೆ ಪ್ಲೇಯರಲ್ಲಿ ಓಡುತ್ತಾ?' ಅಂತ. ಓಡುತ್ತಮ್ಮ, ಆದರೆ ಕೊನೆಗೆ ಫೈನಲೈಸ್ ಅಂತ ಒಂದು ಗುಂಡಿ ಒತ್ತಬೇಕು, ಇಲ್ದಿದ್ರೆ ಬೇರೆ ಪ್ಲೇಯರ್ ಅದನ್ನ ಖಾಲಿ ಡಿಸ್ಕ್ ಅನ್ನುತ್ತೆ, ಅಂತ ನಾನೇ ಹೇಳಿದ್ದೆ. ಈಗ ಹೇಳಿ ಸಾರ್. ಬೇರೆ ಮನೆ ಅಂದ್ರೆ — ಯಾವ ಮನೆ?"

ಅವನು ಬಾಮೈದನನ್ನು ನೋಡಿದ. ಬಾಮೈದ ತಲೆಯಲ್ಲಾಡಿಸಿದ. "ನಮ್ಮನೇಲಿ ಪ್ಲೇಯರೇ ಇಲ್ಲ, ಭಾವ."

"ನೀವು ದಿನಾ ಆ ಕಿಟಕಿ ಮುಂದೇನೇ ಓಡಾಡ್ತೀರಿ," ಅಂದಳು ಅಕ್ಕ. "ನಾಲ್ಕು ಅಂದ್ರಿ. ನಾನು ಎಣಿಸಿದೆ. ಐದಿವೆ. ನಾಲ್ಕರ ಅಡಿ ಬೆಳ್ಳಿ ಬಣ್ಣ. ಅವು ಅಂಗಡೀಲಿ ಸಿಗೋ ಹಾಡಿನ ಡಿಸ್ಕು. ಐದನೇದರ ಅಡಿ ನೇರಳೆ. ನಾವು ಕೊಡೋ ಖಾಲಿ ಡಿಸ್ಕಿಗೆ ಮಾತ್ರ ಆ ಬಣ್ಣ. ಅದರಲ್ಲೂ ಒಳಗಡೆ ಒಂದು ಕಪ್ಪು ಬಳೆ ಕಾಣ್ತಿತ್ತು. ಖಾಲಿ ಡಿಸ್ಕಿಗೆ ಬಳೆ ಇರಲ್ಲ, ಸಾರ್. ಬರೆದ ಜಾಗ ಮಾತ್ರ ಹಾಗೆ ಕಪ್ಪಾಗೋದು."

ಅವನು ಅಷ್ಟೊತ್ತಿಗೆ ಮೆಟ್ಟಿಲ ಮೇಲಿದ್ದ.

ಟೈಲರಮ್ಮನ ಬಾಗಿಲಿಗೆ ಗಂಟೆಯ ಬದಲು ಒಂದು ದೀಪ. ಗುಂಡಿ ಒತ್ತಿದರೆ ಒಳಗೆ ಬೆಳಕು ಮಿನುಗುತ್ತದೆ. ಅವಳು ಬಾಗಿಲು ತೆರೆದಳು. ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಎರಡು ಗುಂಡುಸೂಜಿ. ಮೂವರನ್ನೂ ನೋಡಿದಳು. ಸೂಜಿಗಳನ್ನು ನಿಧಾನವಾಗಿ ತೆಗೆದು ತೋಳಿಗೆ ಚುಚ್ಚಿಕೊಂಡಳು. ತಾನಾಗಿಯೇ ಹೋಗಿ ಡ್ರಾಯರಿನಿಂದ ಒಂದು ಬೀಗದ ಕೈ ತಂದು ಅಲ್ಪವಿರಾಮನ ಅಂಗೈಯಲ್ಲಿಟ್ಟಳು. ಹೆಂಡತಿಯ ಬೀಗದ ಕೈ. ಅವಳೇ ಹೆಣೆದ ಕೆಂಪು ದಾರ ಅದರಲ್ಲಿ ಇನ್ನೂ ಇತ್ತು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಳತೆಯ ದಪ್ಪ ಕಾಗದ ಹಾಸಿತ್ತು. ಅಕ್ಕ ಪೆನ್ಸಿಲ್ ತೆಗೆದುಕೊಂಡು ಬರೆದಳು: ಯಾಕೆ?

ಟೈಲರಮ್ಮ ಕೆಳಗೆ ಬರೆದಳು. ಅಕ್ಷರ ದುಂಡಗಿದ್ದವು.

'ನನಗೊಂದು ಡಿಸ್ಕ್ ಮಾಡಿಕೊಡ್ತೀನಿ ಅಂದಿದ್ದಳು. ಅದಕ್ಕೇ ಆ ಮಿಷನ್ನು ಆರಿಸಿದ್ದು. ಆಸ್ಪತ್ರೆಗೆ ಹೋಗುವಾಗ ಕೀ ಕೊಟ್ಟಳು. ಈಗ ಟೀವಿಯಲ್ಲಿ ಆ ಮೂಲೆಯ ಕಿಟಕಿಯನ್ನೇ ತೆಗೆದುಬಿಟ್ಟಿದ್ದಾರೆ. ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ಇವರನ್ನು ಕೇಳೋಣವೆಂದರೆ ಬಾಗಿಲು ಹಾಕಿದರು. ಬುಧವಾರ ಹೋಗಿ ನಾನೇ ಮಾಡಿದೆ. ನನ್ನ ಪ್ಲೇಯರಲ್ಲಿ ಹಾಕಿದರೆ ಖಾಲಿ ಎಂದಿತು. ಮತ್ತೆ ಮೇಲೆ ಹೋದೆ. ಅಲ್ಲೂ ಇಲ್ಲ. ನಾನೇ ಅವಳನ್ನು ಎರಡನೇ ಸಲ ಕೊಂದೆ.'

ಪೆನ್ಸಿಲ್ ಮುರಿಯಿತು. ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದಳು. 'ಖಾಲಿ ಡಿಸ್ಕ್. ಎಸೆಯಲು ಮನಸ್ಸು ಬರಲಿಲ್ಲ. ಮನೆಯೊಳಗಿಟ್ಟರೆ ನೋಡಲು ಆಗಲಿಲ್ಲ. ನಾಲ್ಕರ ಜೊತೆ ಕಟ್ಟಿದೆ.'

ಬಾಮೈದ ಮೆಲ್ಲಗೆ ದಾರ ಬಿಚ್ಚಿ ಡಿಸ್ಕ್ ಇಳಿಸಿದ. ಅಕ್ಕ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಳು. "ಒಂದು ಗೀರು ಬಿದ್ದಿದೆ. ಎರಡು ದಿನದ ಬಿಸಿಲು ತಿಂದಿದೆ. ಇನ್ನೊಂದು ವಾರ ಬಿಟ್ಟಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ. ನಡೀರಿ, ಬರೆದ ಯಂತ್ರದಲ್ಲೇ ಫೈನಲೈಸ್ ಮಾಡಿ ಮುಗಿಸ್ಬೇಕು."

ಅಲ್ಪವಿರಾಮ ಹೊಸಿಲ ಬಳಿ ನಿಂತ. ಹಿಂದಕ್ಕೆ ತಿರುಗಿ, ಟೈಲರಮ್ಮನಿಗೆ ಮೇಲೆ ಬಾ ಎಂದು ಕೈಬೀಸಿದ. ಸನ್ನೆಭಾಷೆ ಬೇಕಿಲ್ಲದ ಸನ್ನೆ ಅದು. ಅವಳು ನಂಬಲಾರದೆ ಎರಡು ಸಲ ನೋಡಿದಳು, ಆಮೇಲೆ ಬಂದಳು.

ರೆಕಾರ್ಡರ್ ಡಿಸ್ಕನ್ನು ನುಂಗಿತು. ಅಕ್ಕ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಪಟ್ಟಿ ಇರುವೆಯ ಹಾಗೆ ಹರಿಯಿತು. ಕಾಲು ಭಾಗ. ಅರ್ಧ. ಅರ್ಧದಲ್ಲಿ ನಿಂತಿತು. ಯಂತ್ರ ಒಳಗೊಳಗೇ ಕರಕರ ಎಂದಿತು. ಆಮೇಲೆ ಮತ್ತೆ ಹರಿಯಿತು.

ಅವಳು ಬಂದಳು.

ಮೂಲೆಯ ಕಿಟಕಿಯಲ್ಲಿ ಅದೇ ಮುಖ, ಅವೇ ಕೈಗಳು. ಹದಿಮೂರನೇ ನಿಮಿಷದಲ್ಲಿ ಗೀರಿನಿಂದಾಗಿ ಚಿತ್ರ ಒಂದು ಸಲ ಚೌಕ ಚೌಕವಾಗಿ ಒಡೆದು ಕೂಡಿಕೊಂಡಿತು. ಬಾಮೈದ ಮುಖ ಮುಚ್ಚಿಕೊಂಡು ಅತ್ತ. ವಾರ್ತೆ ಮುಗಿಯಿತು. ಓದುವವರು ಕಾಗದ ಜೋಡಿಸಿದರು. ಅವಳ ಕೈ ಆ ಎರಡು ಸೆಕೆಂಡು ಆಡಿತು — ನಿಂತಿತು.

"ಸಾರ್, ಇನ್ನೊಂದು ಉಳಿದಿದೆ," ಅಂದಳು ಅಕ್ಕ. "ವಾರ್ತೆ ಮುಗಿಯೋದು ಏಳಕ್ಕೆ. ಈಯಮ್ಮ ಬಾಗಿಲು ತಟ್ತಿದ್ದು ಏಳೂ ಹತ್ತಕ್ಕೆ. ದಿನಾ. ಯಾಕೆ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

ಅವನು ಕಾಗದ, ಪೆನ್ಸಿಲ್ ತಂದು ಟೈಲರಮ್ಮನ ಮುಂದಿಟ್ಟ. ಪರದೆಯ ಕಡೆ ತೋರಿಸಿದ.

ಅವಳು ಬರೆದಳು: 'ದಿನಾ ಕೊನೆಗೆ ನನಗೊಂದು ಮಾತು ಹೇಳುತ್ತಿದ್ದಳು. ಇವರು ಹಾಲಿಟ್ಟು ಮರೆಯುತ್ತಾರೆ, ಒಲೆ ನೋಡು ಅಂತ. ನಾನು ಬಂದು ನೋಡಿ ಹೋಗುತ್ತಿದ್ದೆ.'

ಕೆಳಗೆ ಇನ್ನೊಂದು ಸಾಲು ಬರೆದಳು.

'ಆವತ್ತು ಹೇಳಿದ್ದು: ನಾನು ಆಸ್ಪತ್ರೆಯಿಂದ ಬರುವ ತನಕ ಒಲೆ ನೋಡು. ಅವಳು ಬರಲಿಲ್ಲ. ಅದಕ್ಕೇ ನಾನು ನಿಲ್ಲಿಸಲಿಲ್ಲ.'

ಅಲ್ಪವಿರಾಮ ಆ ಸಾಲನ್ನು ಓದಿದ. ಮತ್ತೆ ಓದಿದ. ಜೀವಮಾನದಲ್ಲಿ ಮೊದಲ ಸಲ ಒಂದು ಬರಹದಲ್ಲಿ ತಿದ್ದುವುದೇನೂ ಕಾಣಲಿಲ್ಲ. ಕಣ್ಣೀರು ಕಾಗದದ ಮೇಲೆ ಬಿತ್ತು, ಒರೆಸಲಿಲ್ಲ.

"ಕಳ್ಳ ಯಾರು ಅಂತ ಬರ್ಕೊಳ್ಳಲಿ ಮೇಡಂ?" ಬಾಮೈದ ಮೂಗೊರೆಸಿಕೊಳ್ಳುತ್ತ ಕೇಳಿದ.

"ಟೈಲರಮ್ಮ ತಗೊಂಡ್ರು, ಅದು ನಿಜ. ಆದ್ರೆ ಆ ಬಾಗಿಲು ಹಾಕಿದ್ರಲ್ಲ, ಕೇಸು ಶುರುವಾಗಿದ್ದು ಅಲ್ಲಿಂದ," ಅಂದಳು ಗ್ಯಾರಂಟಿ ಅಕ್ಕ, ಚೀಲ ಹೆಗಲಿಗೇರಿಸಿ. "ಡಿಸ್ಕ್ ಒಂದೇ ಇರೋದು. ಇನ್ನೊಂದು ಆಗಲ್ಲ. ಇಬ್ಬರೂ ಒಟ್ಟಿಗೆ ಕೂತು ನೋಡ್ಬೇಕು, ಬೇರೆ ದಾರಿ ಇಲ್ಲ."

ಟೈಲರಮ್ಮ ಕೆಳಗೆ ಹೋಗುವ ಮೊದಲು ಅವನು ಅವಳಿಂದ ಒಂದು ಸನ್ನೆ ಕಲಿತ. ಒಂದೇ ಒಂದು. ರಾತ್ರಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ.

ಶನಿವಾರ ಸಂಜೆ ಏಳೂ ಹತ್ತಕ್ಕೆ ಬಾಗಿಲು ತಟ್ಟಿದ ಸದ್ದು. ತೆರೆದ. ಟೈಲರಮ್ಮ ನಿಂತಿದ್ದಳು, ಈ ಸಲ ಗುಂಡಿಯಿಲ್ಲ, ಸೂಜಿಯಿಲ್ಲ. ಅಡುಗೆಮನೆಯ ಕಡೆ ಬೆರಳು ತೋರಿಸಿ ಹುಬ್ಬೇರಿಸಿದಳು. ಅವನು ಎದೆಯುಬ್ಬಿಸಿ, ಕಲಿತ ಸನ್ನೆಯನ್ನು ಮಾಡಿ ತೋರಿಸಿದ: ಒಲೆ ಆರಿಸಿದ್ದೇನೆ.

ಅವಳು ಮೂಗರಳಿಸಿದಳು. ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಓಡಿದಳು. ಹಾಲು ಉಕ್ಕಿ, ಸುರಿದು, ಸೀದು ತಳ ಹತ್ತಿತ್ತು. ಒಲೆ ಆರಿಸಿ, ಪಾತ್ರೆ ಎತ್ತಿ ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ಅವನ ಕಡೆ ತಿರುಗಿದಳು. ಆಮೇಲೆ ಎರಡೂ ಕೈಯಿಂದ ಒಂದೇ ಸಮ ಏನೇನೋ ಹೇಳತೊಡಗಿದಳು. ಅವನಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಬೈಗುಳ ಅನ್ನುವುದು ಮಾತ್ರ ಚೆನ್ನಾಗಿ ಅರ್ಥವಾಯಿತು. ಹನ್ನೊಂದು ತಿಂಗಳಿಂದ ಈ ಮನೆಯಲ್ಲಿ ಅವನನ್ನು ಯಾರೂ ಬೈದಿರಲಿಲ್ಲ.

ಪೂರ್ತಿ ಬೈಸಿಕೊಂಡು, ಹೋಗಿ ಟೀವಿಯ ಮುಂದೆ ಇನ್ನೊಂದು ಕುರ್ಚಿ ಹಾಕಿದ.